ಚಂದ್ರ ಮೂಡೋದು ಬೆನ್ನ ಹಿಂದೆ

ಓದುಗರ ಪ್ರಶ್ನೆಗಳಿಗೆ ಹಳೇ ಗೋದಿ (ಹಡಗು ನಿಲ್ಲುವ ಬಂದರು) ಕ್ಲರ್ಕ್ ಉತ್ತರ

ಮುಂಬಯಿಯಲ್ಲಿ ಹೆಚ್ಚು ಖರ್ಚಿಲ್ಲದೆ ಗೆಳೆಯರ ಜೊತೆ ಒಂದು ಸಂಜೆ ಕಳೆಯೋದು ಹೇಗೆ ಅಂತ ಹೋದ ಸಂಚಿಕೆಯಲ್ಲಿ ಒಬ್ಬರು ಕೇಳಿದ್ದರು. "ಹುಣ್ಣಿಮೆ ದಿನ ಚಂದ್ರ ಮೂಡೋದನ್ನು ನೋಡಿ ಬನ್ನಿ" ಅಂತ ಒಂದೇ ಸಾಲು ಬರೆದಿದ್ದೆ. ಅದಕ್ಕೆ ರಾಶಿ ಪತ್ರ ಬಂದಿವೆ. ಕೆಲವರು ನೋಡಿ ಬಂದು ಖುಷಿಯಿಂದ ಬರೆದಿದ್ದಾರೆ, ಕೆಲವರು ಹೋಗಿಯೂ ಕಾಣದೆ ಬಂದು ಬೈದಿದ್ದಾರೆ. ಹಾಗಾಗಿ ಈ ಸಲ ಪಿಂಚಣಿ, ಸೊಸೈಟಿ ಪಾರ್ಕಿಂಗ್, ಊರಿನ ಜಾಗದ ಪಹಣಿ ಎಲ್ಲಕ್ಕೂ ರಜೆ. ಬರೀ ಚಂದ್ರ.

ಪ್ರಶ್ನೆ: ನಿಮ್ಮ ಮಾತು ನಂಬಿ ನಾವು ಆರು ಜನ ಗೆಳೆಯರು ಮರೀನ್ ಡ್ರೈವ್‌ಗೆ ಹೋದೆವು. ಭೇಳ್ ತಿನ್ನುತ್ತಾ ಎಂಟು ಗಂಟೆವರೆಗೆ ಸಮುದ್ರ ನೋಡಿದ್ದೇ ಬಂತು. ಚಂದ್ರ ನೀರಿನಿಂದ ಏಳಲೇ ಇಲ್ಲ. ಒಬ್ಬ ತಿರುಗಿ ನೋಡಿದರೆ ಹಿಂದಿನ ಬಿಲ್ಡಿಂಗ್ ಮೇಲೆ ಆಗಲೇ ಬಂದು ಕೂತಿದ್ದ. ಎಲ್ಲಿಗೆ ಹೋಗಬೇಕಿತ್ತು ಸ್ವಾಮಿ?
– ಡೊಂಬಿವಲಿಯ ಓದುಗ

ಉತ್ತರ: ಮರೀನ್ ಡ್ರೈವ್ ಕಟ್ಟೆ ಪಶ್ಚಿಮಕ್ಕೆ ಮುಖ ಮಾಡಿದೆ. ಅಲ್ಲಿ ಮುಳುಗುವವರನ್ನು ನೋಡಬಹುದು, ಏಳುವವರನ್ನಲ್ಲ. ಹುಣ್ಣಿಮೆ ಅಂದರೆ ಸೂರ್ಯ ಒಂದು ಕಡೆ, ಚಂದ್ರ ಅವನ ಎದುರು ಕಡೆ, ನಡುವೆ ನಾವು. ಸೂರ್ಯ ಅರಬ್ಬೀ ಸಮುದ್ರಕ್ಕೆ ಇಳಿಯುವ ಹೊತ್ತಿಗೆ ಚಂದ್ರ ಪೂರ್ವದಲ್ಲಿ ಪನವೇಲ್ ಕಡೆಯಿಂದ ಹತ್ತುತ್ತಿರುತ್ತಾನೆ. ಚೌಪಾಟಿ, ಜುಹು, ದಾದರ್, ಬ್ಯಾಂಡ್‌ಸ್ಟ್ಯಾಂಡ್, ನಮ್ಮ ಜನ ಸಮುದ್ರ ನೋಡೋಕೆ ಅಂತ ಹೋಗುವ ಜಾಗಗಳೆಲ್ಲ ಹೀಗೇ. ಮರೀನ್ ಡ್ರೈವೇ ಬೇಕು ಅಂತಿದ್ದರೆ ಮಾರನೇ ದಿನ ಬೆಳಗಿನ ಜಾವ ನರಿಮನ್ ಪಾಯಿಂಟ್ ತುದಿಗೆ ಹೋಗಿ. ಸೂರ್ಯ ಹುಟ್ಟುವ ಹೊತ್ತಿಗೆ ಚಂದ್ರ ಸಮುದ್ರಕ್ಕೆ ಇಳಿಯುತ್ತಾನೆ. ಭೇಳ್ ಸಿಗಲ್ಲ, ಅಷ್ಟೇ.

ಆದರೆ ಮುಂಬಯಿಗೆ ಪೂರ್ವಕ್ಕೂ ಒಂದು ಸಮುದ್ರ ಇದೆ. ಬಂದರಿನವರು, ಕೋಳಿವಾಡದ ಮೀನುಗಾರರು, ನೌಕಾಪಡೆಯವರು ಬಿಟ್ಟರೆ ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ನಾನು ಗೋದಿಯಲ್ಲಿ ಟ್ಯಾಲಿ ಕ್ಲರ್ಕ್ ಆಗಿದ್ದವನು. ಹಡಗಿನಿಂದ ಇಳಿಯುವ ಮೂಟೆ, ಪೆಟ್ಟಿಗೆ ಎಣಿಸಿ ಬರೆಯುವ ಕೆಲಸ. ನನ್ನ ಪಾಲಿಗೆ ಸಮುದ್ರ ಅಂದರೆ ಈ ಪೂರ್ವದ್ದೇ. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು, ಸಹಿಸಿಕೊಳ್ಳಿ.

ಎಲ್ಲರಿಗೂ ಸುಲಭದ ಜಾಗ ಗೇಟ್‌ವೇ ಆಫ್ ಇಂಡಿಯಾ ಪಕ್ಕದ ಅಪೊಲೊ ಬಂದರ್. ಎದುರಿಗೆ ಬರೀ ನೀರು, ದೋಣಿಗಳು, ಆಚೆ ದಡದಲ್ಲಿ ನ್ಹಾವಾ ಶೇವಾ ಬಂದರಿನ ಕ್ರೇನ್‌ಗಳು. ಚಂದ್ರ ಅಲ್ಲಿ ಪ್ರತಿ ತಿಂಗಳೂ ಒಂದೇ ಜಾಗದಿಂದ ಬರಲ್ಲ. ಸೂರ್ಯ ಎತ್ತ ವಾಲಿರುತ್ತಾನೋ ಹುಣ್ಣಿಮೆ ಚಂದ್ರ ಅದಕ್ಕೆ ಉಲ್ಟಾ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ, ಚಂದ್ರ ಉತ್ತರಕ್ಕೆ ವಾಲಿ, ನಿಮ್ಮ ಎಡಗಡೆ, ಹೆಚ್ಚುಕಡಿಮೆ ಎಲಿಫೆಂಟಾ ದ್ವೀಪದ ಮೇಲಿಂದ ಏಳುತ್ತಾನೆ. ಮೇ ತಿಂಗಳ ಕೊನೆಗೆ ಬಲಗಡೆ, ಉರಣ್ ದಿಕ್ಕಿನಿಂದ. ಮಾರ್ಚ್, ಸೆಪ್ಟೆಂಬರ್‌ನಲ್ಲಿ ಇವೆರಡರ ನಡುವೆ, ನೇರ ಪೂರ್ವಕ್ಕೆ.

ಗದ್ದಲ ಬೇಡ ಅನ್ನುವವರಿಗೆ ಶಿವಡಿ. ಹಾರ್ಬರ್ ಲೈನ್‌ನಲ್ಲಿ ಶಿವಡಿಗೆ ಇಳಿದು ಪೂರ್ವಕ್ಕೆ ನಡೆದರೆ ಜೆಟ್ಟಿ ಸಿಗುತ್ತದೆ. ಫ್ಲೆಮಿಂಗೊ ನೋಡೋಕೆ ಜನ ಹೋಗುವುದು ಅಲ್ಲಿಗೇ. ತಮಾಷೆ ಏನು ಗೊತ್ತಾ? ಅದೇ ಎಲಿಫೆಂಟಾ ಇಲ್ಲಿಂದ ನೋಡಿದರೆ ಬಲಗಡೆಗೆ ಬಂದುಬಿಡುತ್ತದೆ. ಗೇಟ್‌ವೇಯಲ್ಲಿ ಡಿಸೆಂಬರ್ ಚಂದ್ರನಿಗೆ ಸಿಗುವ ದ್ವೀಪ ಶಿವಡಿಯಲ್ಲಿ ಮೇ ಚಂದ್ರನಿಗೆ ಸಿಗುತ್ತದೆ. 2024ರ ಜನವರಿಯಲ್ಲಿ ಶುರುವಾದ ಅಟಲ್ ಸೇತು ಇಲ್ಲಿಂದಲೇ ಹೊರಡುವುದರಿಂದ ಈಗ ನೋಟಕ್ಕೆ ಒಂದು ಸೇತುವೆಯೂ ಸೇರಿಕೊಂಡಿದೆ. ಕೆಲವರಿಗೆ ಅದು ಇಷ್ಟ ಆಗುತ್ತದೆ. ನನಗೆ ಇಲ್ಲ. ಆ ಸೇತುವೆ ಮೇಲೆ ಹೋಗಿ ನೋಡ್ತೀವಿ ಅಂತ ಮಾತ್ರ ಹೊರಡಬೇಡಿ, ಅಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ.

ಇನ್ನು ಬಂದರಿನವನೇ ಹೇಳಬೇಕಾದ ಒಂದು ಮಾತು. ಹುಣ್ಣಿಮೆ, ಅಮಾವಾಸ್ಯೆಗೆ ದೊಡ್ಡ ಭರತಿ, ಅಂದರೆ ಸಮುದ್ರದ ಉಬ್ಬರ, ಅಂತ ನಿಮಗೆ ಗೊತ್ತು. ಮಳೆಗಾಲದಲ್ಲಿ ನಾಲ್ಕೂವರೆ ಮೀಟರ್ ಭರತಿ ಅಂತ ಮಹಾಪಾಲಿಕೆ ಎಚ್ಚರಿಸುತ್ತದಲ್ಲ, ಅದೇ. ಆದರೆ ಮುಂಬಯಿಯಲ್ಲಿ ಹುಣ್ಣಿಮೆ ದಿನದ ಭರತಿ ಬರುವುದು ಮಧ್ಯಾಹ್ನ ಹನ್ನೆರಡರ ಆಸುಪಾಸು, ಮತ್ತೆ ನಡುರಾತ್ರಿ. ಚಂದ್ರ ಮೂಡುವ ಸಂಜೆ ಆರರ ಹೊತ್ತಿಗೆ ಸರಿಯಾಗಿ ಓಹೋಟಿ, ನೀರು ಪೂರಾ ಇಳಿದಿರುತ್ತದೆ. ಶಿವಡಿಯಲ್ಲಿ ನಿಮಗೆ ಸಿಗುವುದು ಸಮುದ್ರವಲ್ಲ, ಕೆಸರು. ಮೊದಲ ಸಲ ಹೋದವರು ಮೂಗು ಮುಚ್ಚಿಕೊಳ್ಳುತ್ತಾರೆ. ಸ್ವಲ್ಪ ತಡೆದುಕೊಳ್ಳಿ. ಚಂದ್ರ ಒಂದು ಗೇಣು ಮೇಲೆ ಬಂದ ಮೇಲೆ ಆ ಒದ್ದೆ ಕೆಸರು ಪೂರ್ತಿ ಹೊಳೆಯುತ್ತದೆ. ನೀರಿನಲ್ಲಿ ಬೆಳಕು ಒಂದೇ ದಾರಿಯಾಗಿ ಬೀಳುತ್ತದೆ, ಕೆಸರಿನಲ್ಲಿ ಸಣ್ಣಸಣ್ಣ ಕಾಲುವೆಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ನೀರೇ ಬೇಕು ಅಂದರೆ ಗೇಟ್‌ವೇ ಸರಿ, ಅಲ್ಲಿ ಓಹೋಟಿಯಲ್ಲೂ ನೀರು ಇರುತ್ತದೆ.

ದುಡ್ಡು ಬಿಚ್ಚಲು ತಯಾರಿದ್ದರೆ ಭಾವುಚಾ ಧಕ್ಕಾದಿಂದ ಅಲಿಬಾಗ್ ಕಡೆಯ ಮಾಂಡವಾಗೆ ಹೋಗುವ, ಗಾಡಿಗಳನ್ನೂ ಸಾಗಿಸುವ ರೋ-ರೋ ಹಡಗು ಇದೆ, 2020ರಿಂದ ಓಡುತ್ತಿದೆ. ಸಂಜೆ ಬಿಡುವ ಹಡಗು ಹುಣ್ಣಿಮೆಗೆ ಕೂಡಿ ಬಂದರೆ ಅದಕ್ಕಿಂತ ಒಳ್ಳೆ ಗ್ಯಾಲರಿ ಇಲ್ಲ. ಅಗ್ಗದಲ್ಲಿ ಬೇಕಾ? ಆಫೀಸು ಮುಗಿಸಿ ಪನವೇಲ್ ಲೋಕಲ್ ಹತ್ತಿ. ಮಾನ್‌ಖುರ್ದ್ ಬಿಟ್ಟ ಮೇಲೆ ವಾಶಿ ಖಾಡಿ (ಕಡಲ ಹಿನ್ನೀರು) ದಾಟುವಾಗ ಚಂದ್ರ ರೈಲಿಗೆ ಹೆಚ್ಚುಕಡಿಮೆ ಎದುರಿಗೇ ಇರುತ್ತಾನೆ. ಕಿಟಕಿಯಿಂದ ಓರೆಗಣ್ಣಲ್ಲಿ ನೋಡಬೇಕು. ಬಾಗಿಲಲ್ಲಿ ನೇತಾಡಬೇಡಿ.

ಪ್ರಶ್ನೆ: ನಮ್ಮ ಸೊಸೈಟಿಯಲ್ಲಿ ಪ್ರತಿ ವರ್ಷ ಕೋಜಾಗಿರಿಗೆ, ಅದೇ ನಮ್ಮ ಸೀಗಿ ಹುಣ್ಣಿಮೆ ರಾತ್ರಿಯ ಹಬ್ಬಕ್ಕೆ, ಜಗಳ. ಸೆಕ್ರೆಟರಿ ಒಂದು ದಿನ ಅಂತಾರೆ, ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ಇನ್ನೊಂದು ದಿನಕ್ಕೆ ಕಾಣುತ್ತದೆ, ಟೀವಿಯವರು ಮೂರನೆಯದು ಹೇಳುತ್ತಾರೆ. ಚಂದ್ರ ಮೂಡೋದು ನೋಡೋಕೆ ಯಾವ ಸಂಜೆ ಸರಿ?
– ಠಾಣೆಯ ಓದುಗರು

ಉತ್ತರ: ಮೂವರೂ ಸರಿ ಇರಬಹುದು. ಪಂಚಾಂಗದ ಹುಣ್ಣಿಮೆ ಒಂದು ತಿಥಿ, ಅದು ಹಗಲಲ್ಲೋ ರಾತ್ರಿಯಲ್ಲೋ ಯಾವಾಗ ಬೇಕಾದರೂ ಶುರುವಾಗಿ ಯಾವಾಗ ಬೇಕಾದರೂ ಮುಗಿಯುತ್ತದೆ. ಖಗೋಳದವರ ಹುಣ್ಣಿಮೆ ಅಂದರೆ ಒಂದೇ ಒಂದು ಗಳಿಗೆ. ಕೋಜಾಗಿರಿಗೆ ಮಧ್ಯರಾತ್ರಿ ಹೊತ್ತಿಗೆ ಹುಣ್ಣಿಮೆ ತಿಥಿ ಇರಬೇಕು. 2025ರಲ್ಲಿ ಹೀಗಾಯಿತು: ಕೋಜಾಗಿರಿ ಅಕ್ಟೋಬರ್ 6ರ ಸೋಮವಾರ ರಾತ್ರಿ, ಚಂದ್ರ ಪೂರ್ತಿ ತುಂಬಿದ ಗಳಿಗೆ ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲರ ಸುಮಾರಿಗೆ. ಆ ಹೊತ್ತಿಗೆ ನಮ್ಮಲ್ಲಿ ಬಿಸಿಲು, ಚಂದ್ರ ಮುಳುಗಿ ಆಗಿತ್ತು.

ಮೂಡೋದನ್ನು ನೋಡುವವನಿಗೆ ಈ ಜಗಳವೇ ಬೇಡ. ನೀವು ನೋಡಬೇಕಾದ್ದು ಎರಡೇ ಹೊತ್ತು, ಸೂರ್ಯಾಸ್ತ ಮತ್ತು ಚಂದ್ರೋದಯ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಬರುತ್ತಾನೆ. ಹುಣ್ಣಿಮೆ ಹಿಂದಿನ ದಿನ ಇನ್ನೂ ಬಿಸಿಲಿರುವಾಗಲೇ ಬಂದುಬಿಡುತ್ತಾನೆ, ಬಿಳಿಚಿಕೊಂಡಿರುತ್ತಾನೆ, ಮುಂಬಯಿ ಧೂಳಿನಲ್ಲಿ ಕಣ್ಣಿಗೇ ಬೀಳಲ್ಲ. ಮಾರನೇ ದಿನ ಕತ್ತಲಾದ ಮೇಲೆ ಬರುತ್ತಾನೆ, ಆಗ ಬಣ್ಣ ಚೆನ್ನ, ಆದರೆ ಸುತ್ತಲ ಊರು ಕಾಣಲ್ಲ. ಸೂರ್ಯ ಮುಳುಗಿ ಹತ್ತು ಇಪ್ಪತ್ತು ನಿಮಿಷಕ್ಕೆ ಚಂದ್ರ ಏಳುವ ಸಂಜೆ ಯಾವುದೋ ಅದನ್ನು ಹಿಡಿಯಿರಿ. ಅದು ಹುಣ್ಣಿಮೆ ದಿನವೇ ಆಗಬೇಕು ಅಂತಿಲ್ಲ. ಹಿಂದಿನ ದಿನವೋ ಮಾರನೇ ದಿನವೋ ಇದ್ದರೂ ಚಂದ್ರ ಎಲ್ಲೂ ಸವೆದ ಹಾಗೆ ಕಾಣಲ್ಲ.

ಪಂಚಾಂಗದಲ್ಲಿರುವ ಹೊತ್ತು ಬಟಾಬಯಲಿಗೆ ಕೊಟ್ಟದ್ದು. ಎದುರಿಗೆ ಕಟ್ಟಡ ಇದ್ದರೆ ಕಾಯಬೇಕು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಕಟ್ಟಡ ಒಂದು ಮುಷ್ಟಿ ಎತ್ತರ ಇದ್ದರೆ ಅಲ್ಲಿಗೆ ಸುಮಾರು 10 ಡಿಗ್ರಿ, ಚಂದ್ರ ಅದನ್ನು ಹತ್ತಿ ಬರಲು ಮುಕ್ಕಾಲು ಗಂಟೆ ಬೇಕು. ಠಾಣೆಯ ಈಗಿನ ಟವರ್‌ಗಳ ನಡುವೆ ನೀವು ಯಾವ ಮಹಡಿಯಲ್ಲಿದ್ದೀರಿ ಅನ್ನುವುದರ ಮೇಲೆ ನಿಮ್ಮ ಹುಣ್ಣಿಮೆ!

ಪ್ರಶ್ನೆ: ಪುಣೆಯಲ್ಲಿ ಪರ್ವತಿ ಬೆಟ್ಟ ಹತ್ತಿ ಕಾಲೇಜಿನ ಗೆಳತಿಯರೆಲ್ಲ ಸೇರಿ ನೋಡಿದೆವು. ಅಷ್ಟು ದೊಡ್ಡ ಚಂದ್ರನನ್ನು ನಾನು ಹುಟ್ಟಾ ನೋಡಿರಲಿಲ್ಲ. ಸೂಪರ್‌ಮೂನ್ ಇರಬೇಕು ಅಂದುಕೊಂಡೆವು. ಫೋನ್‌ನಲ್ಲಿ ತೆಗೆದ ಫೋಟೋ ನೋಡಿದರೆ ಬರೀ ಒಂದು ಚುಕ್ಕೆ. ಯಾವುದು ನಿಜ?
– ಕೋಥ್ರೂಡ್‌ನ ಓದುಗಿ

ಉತ್ತರ: ಫೋನ್ ನಿಜ. ಕಣ್ಣು ಸುಳ್ಳು, ಅಂದರೆ ಕಣ್ಣೂ ಅಲ್ಲ, ಅದರ ಹಿಂದೆ ಕೂತಿರುವ ಮಿದುಳು. ಚಂದ್ರ ಆಕಾಶದಲ್ಲಿ ಹಿಡಿಯುವ ಜಾಗ ಅರ್ಧ ಡಿಗ್ರಿ, ಮೂಡುವಾಗಲೂ ಅಷ್ಟೇ, ನೆತ್ತಿಗೆ ಬಂದಾಗಲೂ ಅಷ್ಟೇ. ಪರೀಕ್ಷೆ ಮಾಡಿ. ಮೂಡಿದ ಕೂಡಲೇ ಕೈ ಚಾಚಿ ಕಿರುಬೆರಳ ಉಗುರು ಅವನ ಮೇಲೆ ಇಡಿ. ಪೂರ್ತಿ ಮುಚ್ಚಿಹೋಗುತ್ತಾನೆ. ರಾತ್ರಿ ಹತ್ತಕ್ಕೆ ಮತ್ತೆ ಇಡಿ. ಅಷ್ಟೇ ಮುಚ್ಚುತ್ತಾನೆ. ಇಲ್ಲವೇ ಪೇಪರ್ ಸುರುಳಿ ಸುತ್ತಿ ಅದರ ತೂತಿನಿಂದ ನೋಡಿ, ಆ ಭಾರಿ ಚಂದ್ರ ಅಲ್ಲೇ ಇಳಿದುಹೋಗುತ್ತಾನೆ. ಗೆಳತಿಯರ ನಡುವೆ ನಾಚಿಕೆ ಇಲ್ಲದಿದ್ದರೆ ಇನ್ನೊಂದು ಉಪಾಯ: ಚಂದ್ರನಿಗೆ ಬೆನ್ನು ಹಾಕಿ, ಬಗ್ಗಿ, ಕಾಲುಗಳ ಸಂದಿಯಿಂದ ನೋಡಿ. ತುಂಬಾ ಜನಕ್ಕೆ ಹಾಗೆ ನೋಡಿದಾಗ ಚಿಕ್ಕದಾಗಿ ಕಾಣುತ್ತಾನೆ.

ಲೆಕ್ಕ ಹಿಡಿದರೆ ಮೂಡುವ ಚಂದ್ರ ಇನ್ನೂ ಒಂಚೂರು ಸಣ್ಣವನೇ ಆಗಬೇಕು. ನೆತ್ತಿ ಮೇಲಿದ್ದಾಗ ಇರುವುದಕ್ಕಿಂತ ಭೂಮಿಯ ಅರ್ಧ ದಪ್ಪದಷ್ಟು, ಅಂದರೆ ಸುಮಾರು 6,400 ಕಿಲೋಮೀಟರ್ ಆಚೆ ಇರುತ್ತಾನೆ. ಮತ್ತೆ ಯಾಕೆ ದೊಡ್ಡವನಾಗಿ ಕಾಣುತ್ತಾನೆ? ಮರ, ಮನೆ, ಬೆಟ್ಟದ ಸಾಲು ಎದುರಿಗಿದ್ದಾಗ ಮಿದುಳು ಚಂದ್ರನನ್ನು ಅವುಗಳಿಗಿಂತ ಬಹಳ ದೂರ ಇಟ್ಟು ಲೆಕ್ಕ ಹಾಕುತ್ತದೆ ಅಂತ ಒಂದು ವಾದ. ಪೂರ್ತಿ ಒಪ್ಪಿಗೆಯಾದ ಉತ್ತರ ಇವತ್ತಿಗೂ ಇಲ್ಲ. ಸಾವಿರಾರು ವರ್ಷದಿಂದ ಜನ ತಲೆ ಕೆಡಿಸಿಕೊಂಡ ಪ್ರಶ್ನೆ ಇದು, ನಿಮ್ಮ ಗೆಳತಿಯರು ಮಾತ್ರ ಅಲ್ಲ.

ಸೂಪರ್‌ಮೂನ್, ಅಂದರೆ ಚಂದ್ರ ಭೂಮಿಗೆ ಹತ್ತಿರ ಇರುವಾಗ ಬರುವ ಹುಣ್ಣಿಮೆ. ಅದರ ಗದ್ದಲಕ್ಕೆ ನನ್ನದೊಂದು ತಕರಾರು ಇದೆ. ಚಂದ್ರ ಹತ್ತಿರ ಬಂದಾಗ ಸುಮಾರು 3,57,000, ದೂರ ಹೋದಾಗ 4,06,000 ಕಿಲೋಮೀಟರ್. ಅತಿ ಹತ್ತಿರದ ಹುಣ್ಣಿಮೆ ಅತಿ ದೂರದ ಹುಣ್ಣಿಮೆಗಿಂತ ಅಗಲದಲ್ಲಿ ನೂರಕ್ಕೆ ಹದಿನಾಲ್ಕರಷ್ಟು ದೊಡ್ಡದು, ಅದೂ ಎರಡನ್ನೂ ಪಕ್ಕಪಕ್ಕ ಇಟ್ಟರೆ. ಆಕಾಶದಲ್ಲಿ ಪಕ್ಕಪಕ್ಕ ಇಡೋರು ಯಾರು? ಪೇಪರ್‌ನಲ್ಲಿ ಸೂಪರ್‌ಮೂನ್ ಅಂತ ಬಂದ ದಿನ ಎಲ್ಲರೂ ಬೆಟ್ಟ ಹತ್ತುತ್ತಾರೆ, ಮುಂದಿನ ತಿಂಗಳು ಅಷ್ಟೇ ಚೆಂದದ ಚಂದ್ರ ಬಂದರೆ ಒಬ್ಬರೂ ಇರಲ್ಲ. ಒಳ್ಳೆಯದೇ ಬಿಡಿ, ಜಾಗ ಸಿಗುತ್ತದೆ.

ಫೋಟೋ ದೊಡ್ಡದಾಗಿ ಬರಬೇಕಾದರೆ ಗೋಪುರವೋ ಟವರೋ ಇರುವ ಕಡೆಯಿಂದ ಒಂದೆರಡು ಕಿಲೋಮೀಟರ್ ದೂರ ಹೋಗಿ, ಜೂಮ್ ಮಾಡಿ ಎರಡನ್ನೂ ಒಟ್ಟಿಗೆ ತೆಗೆಯಿರಿ. ಟವರ್ ಸಣ್ಣದಾಗುತ್ತದೆ, ಚಂದ್ರ ಇದ್ದಷ್ಟೇ ಇರುತ್ತಾನೆ. ಪೇಪರ್‌ನಲ್ಲಿ ಬರುವ ಆ ಭಾರಿ ಚಂದ್ರಗಳ ಗುಟ್ಟು ಇದೇ.

ಪ್ರಶ್ನೆ: ಮುಲುಂಡ್‌ನಲ್ಲಿ ನಾವು ಏಳೆಂಟು ಕನ್ನಡ ಹೆಂಗಸರ ಗುಂಪು. ಹುಣ್ಣಿಮೆಗೆ ಟೆರೇಸ್ ಮೇಲೆ ಸೇರೋಣ ಅಂತ ಅಂದುಕೊಂಡಿದ್ದೇವೆ. ಆದರೆ ಒಬ್ಬಳು ಬರುವಾಗ ಇನ್ನೊಬ್ಬಳು ಹೊರಟಿರುತ್ತಾಳೆ, ಉಳಿದವರು ಮೊಬೈಲ್‌ನಲ್ಲಿ. ಇದನ್ನು ಸರಿಯಾಗಿ ಮಾಡೋದು ಹೇಗೆ ಅಣ್ಣಾ? ಏನು ತಿನ್ನೋದು, ಏನು ಮಾಡೋದು ಹೇಳಿ.
– ಮುಲುಂಡ್‌ನ ತಂಗಿ

ಉತ್ತರ: ತಂಗೀ, ಚಂದ್ರ ಇಡೀ ರಾತ್ರಿ ಇರುತ್ತಾನೆ, ಆದರೆ ಮೂಡೋದು ಎರಡು ಎರಡೂಕಾಲು ನಿಮಿಷದ ಕೆಲಸ. ಮೇಲಿನ ಅಂಚು ಕಂಡದ್ದರಿಂದ ಕೆಳಗಿನ ಅಂಚು ಬಿಡಿಸಿಕೊಳ್ಳುವವರೆಗೆ ಅಷ್ಟೇ ಹೊತ್ತು. ಸಿನಿಮಾಕ್ಕೆ ತಡವಾಗಿ ಹೋದರೂ ಕತೆ ಸಿಗುತ್ತದೆ, ಇಲ್ಲಿ ಸಿಗಲ್ಲ. ಅದಕ್ಕೆ ಎಲ್ಲರಿಗೂ ಚಂದ್ರೋದಯದ ಹೊತ್ತು ಹೇಳಬೇಡಿ, ಸೂರ್ಯಾಸ್ತಕ್ಕೆ ಬನ್ನಿ ಅನ್ನಿ. ಅರ್ಧ ಗಂಟೆ ಮುಂಚೆ ಬಂದವರಿಗೆ ಮೊದಲು ಪಶ್ಚಿಮ ತೋರಿಸಿ. ನಿಮಗೆ ಅತ್ತ ಯೇವೂರ್ ಗುಡ್ಡ ಇದೆಯಲ್ಲ, ಸೂರ್ಯ ಅದರ ಹಿಂದೆ ಇಳಿದ ಮೇಲೆ ಎಲ್ಲರನ್ನೂ ಪೂರ್ವಕ್ಕೆ ತಿರುಗಿಸಿ.

ಆಗ ಇನ್ನೊಂದು ನೋಡೋದಿದೆ, ತುಂಬಾ ಜನ ಗಮನಿಸಿರಲ್ಲ. ಪೂರ್ವದ ಅಂಚಿನಲ್ಲಿ ಬೂದುನೀಲಿ ಪಟ್ಟಿ ಏಳುತ್ತದೆ, ಅದರ ಮೇಲೆ ತೆಳು ಗುಲಾಬಿ. ಮೋಡ ಅಂದುಕೊಳ್ಳಬೇಡಿ. ಅದು ನಾವು ನಿಂತ ಭೂಮಿಯ ನೆರಳೇ, ಗಾಳಿಯ ಮೇಲೆ ಬಿದ್ದಿದ್ದು. ಹದವಾದ ಸಂಜೆ ಸಿಕ್ಕರೆ ಚಂದ್ರ ಆ ಪಟ್ಟಿಯೊಳಗಿಂದಲೇ ಬರುತ್ತಾನೆ. ಮೊದಲು ಬರುವುದು ಬೆಳಕಲ್ಲ, ಬಣ್ಣ. ಇಟ್ಟಿಗೆ ಕೆಂಪು, ಮಂಕು, ಯಾವುದೋ ಬಿಲ್ಡಿಂಗ್‌ನ ದೀಪ ಇರಬೇಕು ಅನ್ನಿಸುತ್ತದೆ. ಅಷ್ಟು ಕೆಳಗಿರುವಾಗ ಅವನ ಬೆಳಕು ಬಹಳ ಉದ್ದದ ಗಾಳಿ ದಾಟಿ ಬರಬೇಕು, ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಆಕಾರವೂ ಸರಿ ಇರಲ್ಲ. ಬುಡ ಒತ್ತಿದ ಮಡಕೆ ಹಾಗೆ ಚಪ್ಪಟೆ, ಅಂಚು ಸಣ್ಣಗೆ ನಡುಗುತ್ತಿರುತ್ತದೆ. ಗಾಳಿ ಬೆಳಕನ್ನು ಬಗ್ಗಿಸುತ್ತದೆ, ಕೆಳ ಅಂಚನ್ನು ಮೇಲಿನದಕ್ಕಿಂತ ಜಾಸ್ತಿ ಎತ್ತಿಬಿಡುತ್ತದೆ. ಹಾಗೆ ಬಗ್ಗಿಸುವುದು ಸುಮಾರು ಅರ್ಧ ಡಿಗ್ರಿ, ಅಂದರೆ ಚಂದ್ರನ ಅಗಲದಷ್ಟು. ನಿಮಗೆ ಅಂಚಿನ ಮೇಲೆ ಕಂಡ ಚಂದ್ರ ಆ ಕ್ಷಣಕ್ಕೆ ನಿಜವಾಗಿ ಇನ್ನೂ ಕೆಳಗೇ ಇರುತ್ತಾನೆ! ಇದನ್ನು ಮಾತ್ರ ಮೊಬೈಲ್ ಕೆಳಗಿಟ್ಟೇ ನೋಡಬೇಕು, ಪರದೆಯ ಬೆಳಕಿಗೆ ಆ ಮಂಕು ಕೆಂಪು ಕಣ್ಣಿಗೆ ಹತ್ತಲ್ಲ.

ಏನು ಮಾಡೋದು ಅಂದಿರಿ. ನಾವು ಗೋದಿಯಲ್ಲಿ ಬಾಜಿ ಕಟ್ಟುತ್ತಿದ್ದೆವು. ಪಾಳಿ ಮುಗಿದ ಮೇಲೆ ಧಕ್ಕೆ ತುದಿಗೆ ಒಂದು ಕಟಿಂಗ್ ಚಹಾ ಹಿಡಿದು ಕೂರುತ್ತಿದ್ದವರಲ್ಲಿ ತೆಲುಗಿನ ಕ್ರೇನ್ ಡ್ರೈವರ್ ಒಬ್ಬ, ಶಿಪ್ಪಿಂಗ್ ಆಫೀಸಿನ ಮಲಯಾಳಿ, ಲಾಂಚ್ ಓಡಿಸುವ ಕೋಳಿವಾಡದ ಮುದುಕ, ನಾನು. ಚಂದ್ರ ಎಲ್ಲಿಂದ ಬರುತ್ತಾನೆ ಅಂತ ಬೆರಳು ತೋರಿಸಬೇಕು. ಆಚೆ ದಡದ ಚಿಮಣಿ, ಗುಡ್ಡದ ತಗ್ಗು, ಲಂಗರು ಹಾಕಿದ ಹಡಗಿನ ಮೂತಿ, ಏನಾದರೂ ಗುರುತು ಹೇಳಬೇಕು. ಸೋತವನು ಮುಂದಿನ ತಿಂಗಳ ಚಹಾ ಕೊಡಬೇಕು. ಚಳಿಗಾಲದಲ್ಲಿ ಎಲ್ಲರೂ ಗೆಲ್ಲುತ್ತಾರೆ, ಯಾಕೆಂದರೆ ಡಿಸೆಂಬರ್ ಜನವರಿ ಹುಣ್ಣಿಮೆಗಳು ಹೆಚ್ಚುಕಡಿಮೆ ಒಂದೇ ಕಡೆಯಿಂದ ಬರುತ್ತವೆ. ಮಾರ್ಚ್ ಹೊತ್ತಿಗೆ ತಿಂಗಳಿಗೆ ಒಂದು ಮುಷ್ಟಿಗಿಂತ ಜಾಸ್ತಿ ಜಾಗ ಬದಲಾಗುತ್ತದೆ. ಹೋದ ಹುಣ್ಣಿಮೆ ಗುರುತು ನಂಬಿದವನ ಕಿಸೆ ಖಾಲಿ. ಮುದುಕ ಮಾತ್ರ ಸೋಲುತ್ತಿರಲಿಲ್ಲ, ಹೇಗೆ ಅಂತ ಹೇಳುತ್ತಲೂ ಇರಲಿಲ್ಲ. "ತುಮ್ಹೀ ಚಹಾ ಆಣಾ", ನೀವು ಚಹಾ ತನ್ನಿ, ಅಂತಿದ್ದ, ಅಷ್ಟೇ. ನೀವೂ ಬಾಜಿ ಕಟ್ಟಿ. ಕಣ್ಣು ತಾನಾಗೇ ಅಂಚಿನ ಮೇಲೆ ನಿಲ್ಲುತ್ತದೆ, ಯಾರೂ ಮೊಬೈಲ್ ತೆಗೆಯಲ್ಲ.

ತಿನ್ನೋಕೆ ಬಿಸಿ ಮಾಡಬೇಕಾದ್ದು ಏನೂ ಬೇಡ. ಒಲೆ ಹತ್ತಿರ ಒಬ್ಬಳು ಸಿಕ್ಕಿಹಾಕಿಕೊಂಡರೆ ಅವಳಿಗೆ ಚಂದ್ರ ಇಲ್ಲ. ನಮ್ಮ ಗದಗಿನ ಕಡೆ ಬುತ್ತಿ ಇರುತ್ತದಲ್ಲ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರನ್ನ, ಅದೇ ಸರಿ. ನನ್ನ ಅವ್ವ ಇಡೀ ವರ್ಷವನ್ನು ಹುಣ್ಣಿಮೆಗಳಲ್ಲೇ ಎಣಿಸುತ್ತಿದ್ದಳು: ಸೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ, ದವನದ ಹುಣ್ಣಿಮೆ. ಮುಂಬಯಿಯಲ್ಲಿ ಚಂದ್ರನಿಗೆ ನಂಬಿಕೆ ಇಡಬಹುದಾದ ತಿಂಗಳುಗಳೂ ಸರಿಯಾಗಿ ಇವೇ. ಕಾರಹುಣ್ಣಿಮೆಯಿಂದ ಅನಂತನ ಹುಣ್ಣಿಮೆವರೆಗೆ ಮೋಡ, ಕೊಡೆ, ಲೋಕಲ್ ತಡ. ಆ ನಾಲ್ಕು ತಿಂಗಳು ಮನೆಯಲ್ಲೇ ಇರಿ.

ಪ್ರಶ್ನೆ: ಕೋಜಾಗಿರಿ ಹಾಲಿಗೆ ಬೆಳದಿಂಗಳು ಬಿದ್ದರೆ ಅದು ಔಷಧಿ ಆಗುತ್ತದಂತೆ, ನಿಜವೇ?
– ಸೋದರಿ, ಚೆಂಬೂರ್

ಉತ್ತರ: ಬೆಳದಿಂಗಳು ಅಂದರೆ ಹಳೇ ಬಿಸಿಲೇ. ಚಂದ್ರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಹನ್ನೆರಡು ಪಾಲು ಮಾತ್ರ ವಾಪಸು ಕಳಿಸುತ್ತಾನೆ. ಹುಣ್ಣಿಮೆ ಬೆಳಕು ಸೂರ್ಯನ ಬೆಳಕಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಕಡಿಮೆ. ಅದು ಹಾಲಿಗೆ ಏನೂ ಮಾಡಲ್ಲ. ಕೇಸರಿ, ಏಲಕ್ಕಿ, ಚಾರೋಳಿ, ಜಾಯಿಕಾಯಿ ಮಾಡುತ್ತವೆ. ಆದರೆ ಹಾಲಿನಲ್ಲಿ ಚಂದ್ರನ ಬಿಂಬ ನೋಡುವ ಪದ್ಧತಿ ಮಜವಾಗಿದೆ, ಬಿಡಬೇಡಿ. ಮುಖ್ಯವಾಗಿ ಮೂರು ಗಮನಿಸಿ. ಕೆನೆ ಕಟ್ಟಿದ್ದರೆ ಚಂದ್ರ ಕಾಣಲ್ಲ, ಚಮಚದಲ್ಲಿ ಕೆನೆ ಸರಿಸಿ ಹಾಲು ಅಲುಗಾಡುವುದು ನಿಲ್ಲುವವರೆಗೆ ಕಾಯಿರಿ. ಟೆರೇಸಿನ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಪಾತ್ರೆಯಲ್ಲಿ ಕಾಣುವುದು ಅದೇ. ಮತ್ತೆ ಚಂದ್ರ ಎಷ್ಟು ಮೇಲಿರುತ್ತಾನೋ ನೀವು ಅಷ್ಟು ಕೆಳಗೆ ಇಣುಕಬೇಕು, ಆದ್ದರಿಂದ ಹತ್ತೂವರೆ ಹನ್ನೊಂದರ ಮೇಲೆ ಮಾಡಿ.

ಪ್ರಶ್ನೆ: ವಾಸ್ಕೊದಲ್ಲಿ ಕೆಲಸಕ್ಕಿರುವ ನಾವು ನಾಲ್ಕು ಜನ ವಿಜಯಪುರದ ಕಡೆಯವರು. ಬೈನಾ ಬೀಚ್‌ನಲ್ಲಿ ಹುಣ್ಣಿಮೆ ನೋಡೋಣ ಅಂದರೆ ಇಲ್ಲೂ ಚಂದ್ರ ಹಿಂದಿನಿಂದಲೇ ಬರುತ್ತಾನಲ್ಲ ಸರ್?
– ವಾಸ್ಕೊದ ಓದುಗ

ಉತ್ತರ: ಹೌದಪ್ಪಾ, ಗೋವೆಯ ಕಡಲೂ ಪಶ್ಚಿಮದ್ದೇ. ಬಾಗಾ, ಕೋಲ್ವಾ, ಪಾಲೊಳೆಂ ಎಲ್ಲ ಕಡೆ ಚಂದ್ರ ತೆಂಗಿನ ತೋಟದ ಹಿಂದಿನಿಂದ ಬರುತ್ತಾನೆ. ನೀರಿನ ಮೇಲೆ ಬೇಕು ಅಂದರೆ ಕಡಲು ಬಿಟ್ಟು ನದಿಗೆ ಹೋಗಿ. ನಿಮಗೆ ಹತ್ತಿರದ್ದು ಚಿಖಲಿ ಕಡೆಯ ಜುವಾರಿ ದಂಡೆ. ಪಣಜಿಗೆ ಹೋಗುವುದಾದರೆ ಮಾಂಡವಿ ದಂಡೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿ, ಸೇತುವೆಗಳ ಆಚೆಯಿಂದ ಏಳುತ್ತಾನೆ. ಅಲ್ಲೂ ಒಂದು ಅಟಲ್ ಸೇತು ಇದೆ, 2019ರದ್ದು. ಹೋದಲ್ಲೆಲ್ಲ ನನ್ನ ನೋಟಕ್ಕೆ ಅಡ್ಡ ಬರುವ ಹೆಸರು. ಪಣಜಿಯಿಂದ ರಿಬಂದರ್‌ಗೆ ಪೋರ್ಚುಗೀಸರು 17ನೇ ಶತಮಾನದಲ್ಲಿ ಕಟ್ಟಿದ ಒಡ್ಡಿನ ರಸ್ತೆ ಹೋಗುತ್ತದೆ, ಒಂದು ಕಡೆ ನದಿ, ಇನ್ನೊಂದು ಕಡೆ ಉಪ್ಪಿನ ಗದ್ದೆ. ನೋಟ ಚೆನ್ನಾಗಿದೆ, ಆದರೆ ಗಾಡಿಗಳ ಓಡಾಟ ಜಾಸ್ತಿ, ಹುಷಾರು.

ಬೈನಾವನ್ನು ಪೂರ್ತಿ ಬಿಡಬೇಡಿ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಬರುವವರು ನಿಮ್ಮಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಕರೆದುಕೊಂಡು ಐದೂವರೆಗೆ ಹೋಗಿ. ಮೂಡುವಾಗ ಆದದ್ದೆಲ್ಲ ಉಲ್ಟಾ ಆಗುತ್ತದೆ: ಬಿಳಿ ಚಂದ್ರ ಹಳದಿಯಾಗಿ, ಕೆಂಪಾಗಿ, ಚಪ್ಪಟೆಯಾಗಿ ಕಡಲಿಗೆ ಇಳಿಯುತ್ತಾನೆ. ನನ್ನನ್ನು ಕೇಳಿದರೆ ಪಶ್ಚಿಮ ಕರಾವಳಿಯವರಿಗೆ ಮೂಡೋದಕ್ಕಿಂತ ಮುಳುಗೋದೇ ಲಾಭ. ಆದರೆ ಬೆಳಿಗ್ಗೆ ಐದೂವರೆಗೆ ಏಳುವ ಗೆಳೆಯರು ಯಾರಿಗಿದ್ದಾರೆ?

ಪ್ರಶ್ನೆ: ಹುಣ್ಣಿಮೆ ದಿನವೇ ಗ್ರಹಣ ಬಂದರೆ ಗೆಳೆಯರೆಲ್ಲ ಸೇರಿ ನೋಡಬಹುದಾ? ಮನೆಯಲ್ಲಿ ಹೊರಗೆ ಬಿಡಲ್ಲ.
– ಹತ್ತನೇ ಕ್ಲಾಸ್ ಹುಡುಗ, ಭಾಂಡುಪ್

ಉತ್ತರ: ಚಂದ್ರಗ್ರಹಣ ಬರುವುದೇ ಹುಣ್ಣಿಮೆಗೆ, ಬೇರೆ ದಿನ ಬರೋದಿಲ್ಲ. ಬರಿಗಣ್ಣಲ್ಲಿ ನೋಡಿದರೆ ಏನೂ ಆಗಲ್ಲ. ಕಣ್ಣಿಗೆ ಅಪಾಯ ಇರುವುದು ಸೂರ್ಯಗ್ರಹಣದಿಂದ, ಅದನ್ನು ಹಾಗೆ ನೋಡಬೇಡ. ಮನೆಯವರನ್ನು ಒಪ್ಪಿಸಲು ನಿನಗೆ ಒಳ್ಳೆ ದಿನ ಹೇಳುತ್ತೇನೆ, ಬರೆದಿಟ್ಟುಕೋ: 2028ರ ಡಿಸೆಂಬರ್ 31, ಭಾನುವಾರ. ಅವತ್ತು ಹುಣ್ಣಿಮೆ, ಅದೂ ಆ ತಿಂಗಳ ಎರಡನೇ ಹುಣ್ಣಿಮೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಇನ್ನೂ ಗ್ರಹಣ ಹಿಡಿಯದೆ ಪೂರ್ತಿ ದುಂಡಗೆ ಮೂಡುತ್ತಾನೆ, ರಾತ್ರಿ ಹತ್ತು ಇಪ್ಪತ್ತರ ಸುಮಾರಿಗೆ ಪೂರ್ಣ ಗ್ರಹಣದ ನಡುಘಟ್ಟ. ಚಂದ್ರ ಒಂದು ಗಂಟೆಗೂ ಮೇಲೆ ಪೂರ್ತಿ ಭೂಮಿಯ ನೆರಳಿನಲ್ಲಿ ಇರುತ್ತಾನೆ. ಅಷ್ಟು ಹೊತ್ತಿಗೆ ಅವನು ಆಕಾಶದಲ್ಲಿ ಚೆನ್ನಾಗಿ ಮೇಲಿರುತ್ತಾನೆ, ಎಲ್ಲಿಗೂ ಹೋಗುವುದು ಬೇಡ, ನಿಮ್ಮ ಟೆರೇಸ್ ಸಾಕು. ಹೊಸ ವರ್ಷದ ರಾತ್ರಿ ಹೊರಗೆ ಬಿಡುವುದಿಲ್ಲ ಅಂತ ಯಾವ ಮನೆಯಲ್ಲೂ ಹೇಳಲಾರರು. ಅಷ್ಟೊತ್ತಿಗೆ ನೀನು ಕಾಲೇಜಿನಲ್ಲಿರುತ್ತೀಯ. ಗೆಳೆಯರಿಗೆ ಈಗಲೇ ಹೇಳಿಡು, ಡಿಸೆಂಬರ್ 31ಕ್ಕೆ ಎಲ್ಲರೂ ಮುಂಚೆಯೇ ಬುಕ್ ಆಗಿರುತ್ತಾರೆ.